ಹನ್ನೊಂದು ತಿಂಗಳ ಅಟ್ಟ, ಮೂರು ತಿಂಗಳ ವೀಸಾ

ನಮ್ಮ ದೊಡ್ಡಮ್ಮ ಆಫ್ರಿಕಾಕ್ಕೆ ಹೋಗಿದ್ದು ಅಲ್ಲಿನ ರೈತರ ಸೇವೆಗೆ ಅಂತ ನಮ್ಮೂರು ಶೆಟ್ಟಿಕೆರೆಯ ಜನ ಇವತ್ತಿಗೂ ನಂಬಿದ್ದಾರೆ. ನಂಬಲಿ, ಪಾಪ! ನಿಜ ಸಂಗತಿ ನನಗೆ ಗೊತ್ತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಈ ಮೂರು ತಾಲ್ಲೂಕುಗಳಲ್ಲಿ ದೊಡ್ಡಮ್ಮನ ಕೈಲಿ ತಿದ್ದಿಸಿಕೊಳ್ಳದ ನರಪ್ರಾಣಿ ಒಂದೂ ಉಳಿದಿರಲಿಲ್ಲ. ಅವಳಿಗೆ ಹೊಸ ಜನ ಬೇಕಾಗಿತ್ತು. ಅದಕ್ಕೇ ಸಮುದ್ರ ದಾಟಿದಳು, ಅಷ್ಟೆ.

ದೊಡ್ಡಮ್ಮ ಅಂದರೆ ನಮ್ಮಮ್ಮನ ಅಕ್ಕ. ವಯಸ್ಸು ಅರವತ್ನಾಲ್ಕು. ದೊಡ್ಡಪ್ಪ ತೀರಿಕೊಂಡ ಮೇಲೆ ತೋಟ, ಅಟ್ಟ, ಕೊಬ್ಬರಿ ಎಲ್ಲವನ್ನೂ ಒಬ್ಬಳೇ ನಿಭಾಯಿಸಿದವಳು. ಅದರಲ್ಲಿ ಎರಡು ಮಾತಿಲ್ಲ. ತೊಂದರೆ ಏನೆಂದರೆ, ಬೇರೆಯವರು ನಿಭಾಯಿಸುವುದನ್ನು ಅವಳಿಂದ ಸುಮ್ಮನೆ ನೋಡಿಕೊಂಡು ಇರಲಾಗುವುದಿಲ್ಲ! ದೇವಸ್ಥಾನದಲ್ಲಿ ಅಯ್ಯನವರು ಕಾಯಿ ಒಡೆಯಲು ಕೈ ಎತ್ತಿದರೆ ಸಾಕು, "ನಡೂಕೆ ಹೊಡೀರಿ ಅಯ್ನೋರೇ, ಹಂಗೆ ಕುಟ್ಟಿದ್ರೆ ಓರೆ ಆಯ್ತದೆ" ಎಂಬ ಆಕಾಶವಾಣಿ ಭಕ್ತರ ಸಾಲಿನಿಂದ ಕೇಳಿಬರುತ್ತದೆ. ಕಂಬ ಹತ್ತಿದ ಲೈನ್‌ಮನ್‌ಗೆ ಎಡಗಾಲು ಮೊದಲು ಇಡಬೇಕೋ ಬಲಗಾಲೋ ಎಂದು ಕೆಳಗೆ ನಿಂತು ಹೇಳಿಕೊಟ್ಟಿದ್ದಾಳೆ. ಅವನು ರೋಸಿಹೋಗಿ ಕೆಳಗಿಳಿದು, "ನೀವೇ ಹತ್ತಿ ಬುಡಿ ಅಮ್ಮಾ" ಅಂದ. ಪಾಪ, ತಮಾಷೆಗೆ ಅಂದಿದ್ದು. ದೊಡ್ಡಮ್ಮ ಸೆರಗು ಸಿಕ್ಕಿಸಿಕೊಂಡು ಕಂಬದ ಹತ್ತಿರ ಹೋದಾಗ ಅವಳನ್ನು ಹಿಡಿದುಕೊಳ್ಳಲು ಮೂರು ಜನ ಬೇಕಾದರು.

ತಿಪಟೂರಿನ ಹಲ್ಲಿನ ಡಾಕ್ಟರ ಕಥೆಯಂತೂ ಕೇಳಲೇಬೇಡಿ. ಬಾಯಿ ಅಗಲಿಸಿಕೊಂಡು ಕುರ್ಚಿಯಲ್ಲಿ ಒರಗಿದ್ದಾಳೆ, ಅರ್ಧ ಮುಖ ಜೋಮು ಹಿಡಿದಿದೆ, ಮಾತಾಡುವ ಹಾಗಿಲ್ಲ. ಇನ್ನೇನು ಡಾಕ್ಟರು ಬಚಾವಾದರು ಅಂದುಕೊಂಡಿರಾ? ಕೈಸನ್ನೆ ಇತ್ತಲ್ಲ! ನೇರ ಎಳೆಯಬೇಡಿ, ಗೂಟ ಕೀಳುವ ಹಾಗೆ ಒಂದು ಸುತ್ತು ತಿರುಗಿಸಿ ಎಳೆಯಿರಿ ಎಂದು ಗಾಳಿಯಲ್ಲಿ ಮಾಡಿ ತೋರಿಸಿದಳು. ಹಲ್ಲು ಬಂತು. ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಅವಳು ಆಡಿದ ಮೊದಲ ಮಾತು, "ನಾನು ಹೇಳ್ದಂಗೆ ತಿರುಗ್ಸಿದ್ಕೇ ಬಂತು ನೋಡಿ."

ಇಂಥ ಕಾಲದಲ್ಲಿ ಒಂದು ಸಂಸ್ಥೆಯವರು ಬಂದರು. ಒಂದು ದೇಶದ ಅನುಭವಸ್ಥ ರೈತರನ್ನು ಇನ್ನೊಂದು ದೇಶದ ಹಳ್ಳಿಗೆ ಮೂರು ತಿಂಗಳು ಸ್ವಯಂಸೇವಕರಾಗಿ ಕಳಿಸುವುದು ಅವರ ಕೆಲಸ. ತಾಂಜಾನಿಯಾದ ಕಡಲತೀರದ ಒಂದು ಹಳ್ಳಿಗೆ ತೆಂಗು ಬಲ್ಲವರೊಬ್ಬರು ಬೇಕಾಗಿದ್ದರು. ತೆಂಗು ಬಲ್ಲವರು ನಮ್ಮ ಕಡೆ ಬೇಕಾದಷ್ಟಿದ್ದಾರೆ. ಆದರೆ ಹೇಳಿಕೊಡುವ ಚಟ ಇರುವವರು? ಸಂದರ್ಶನಕ್ಕೆ ಹೋದ ದೊಡ್ಡಮ್ಮ, ಕೇಳಿದ ಪ್ರಶ್ನೆಗೆ ಉತ್ತರಿಸುವ ಮೊದಲು, "ನೀವು ಬಿಸಿಲಿಗೆ ಮುಖ ಮಾಡಿ ಕೂತಿದ್ದೀರ, ಅದ್ಕೇ ತಲೆ ನೋಯ್ತಿರೋದು" ಅಂತ ಮೂವರು ಅಧಿಕಾರಿಗಳನ್ನೂ ಎಬ್ಬಿಸಿ ಕುರ್ಚಿ ತಿರುಗಿಸಿದಳು. ಮೂವರಲ್ಲಿ ಒಬ್ಬರಿಗೆ ನಿಜವಾಗಿಯೂ ತಲೆ ನೋಯುತ್ತಿತ್ತಂತೆ! ಅಲ್ಲಿಗೆ ಆಯ್ಕೆ ಮುಗಿಯಿತು. ಇಂಗ್ಲಿಷ್ ಬರದವರು ಜೊತೆಗೆ ಒಬ್ಬರನ್ನು ಕರೆದೊಯ್ಯಬಹುದು ಎಂಬ ನಿಯಮವಿತ್ತು. ಕಾಲೇಜಿನ ಪಾಠದ ಕೆಲಸ ಬಿಟ್ಟು, ಮನೆಯಲ್ಲಿ ಮಧ್ಯಾಹ್ನದ ನಿದ್ದೆಯನ್ನು ಒಂದು ಶಾಸ್ತ್ರದಂತೆ ಅಭ್ಯಾಸ ಮಾಡುತ್ತಿದ್ದ ನನ್ನ ಮೇಲೆ ಅವಳ ಕಣ್ಣು ಬಿತ್ತು. ದುಭಾಷಿಯಾಗಿ ನಾನೂ ಹೊರಟೆ.

ದೊಡ್ಡಮ್ಮ ಬ್ಯಾಗಿಗೆ ರಾಗಿಹಿಟ್ಟು, ಹುರುಳಿಕಾಳು, ಚಟ್ನಿಪುಡಿ ತುಂಬಿದಳು. ಎಲ್ಲದರ ಮೇಲೆ, ಹಳೇ ಸೀರೆಯ ತುಂಡಿನಲ್ಲಿ ಸುತ್ತಿ, ಐದು ಕೊಬ್ಬರಿ ಗಿಟುಕು ಇಟ್ಟಳು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಬಲಿತ ತೆಂಗಿನಕಾಯನ್ನು ಒಡೆಯದೆ, ಸುಲಿಯದೆ, ಅಟ್ಟಕ್ಕೆ ಹಾಕಿ ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಒಣಗಿ, ಕರಟದಿಂದ ತಾನಾಗಿ ಬಿಟ್ಟುಕೊಂಡು ಚೆಂಡಿನ ಹಾಗೆ ಇಡಿಯಾಗಿ ಬರುತ್ತದೆ. ಅದೇ ಗಿಟುಕು. ಒಡೆದು ಒಣಗಿಸಿದ್ದು ಬರೀ ಬಟ್ಟಲು. ಬಟ್ಟಲು ಮಾಡುವವರನ್ನು ನಮ್ಮ ದೊಡ್ಡಮ್ಮ ನಿಂತ ಬಸ್ಸಿಗೂ ಓಡಿಹೋಗಿ ಹತ್ತುವವರ ಸಾಲಿಗೆ ಸೇರಿಸುತ್ತಾಳೆ.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಬ್ಯಾಗು ಯಂತ್ರದೊಳಗೆ ಹೋಯಿತು. ಹೊರಗೆ ಬರುವಾಗ ಅದರ ಜೊತೆ ಒಬ್ಬ ಅಧಿಕಾರಿಯೂ ಬಂದ.

"ಅಮ್ಮಾ, ಕೊಬ್ಬರಿ ತಗೊಂಡೋಗಂಗಿಲ್ಲ. ಎಣ್ಣೆ ಪದಾರ್ಥ, ಬೆಂಕಿ ಹತ್ಕೊಳ್ಳೋ ಸಾಮಾನು."

"ಏನಂದ್ರಿ?" ಅಂದಳು ದೊಡ್ಡಮ್ಮ. ಆ ದನಿಗೆ ನಾನು ಎರಡು ಹೆಜ್ಜೆ ಹಿಂದೆ ಸರಿದೆ. "ನಮ್ಮನೆ ಅಟ್ಟದ ತುಂಬ ಇದೇ ಐತೆ ಕಣಪ್ಪ. ಅದರ ಕೆಳಗೇ ಒಲೆ ಉರ್ದೈತೆ, ಅದರ ಕೆಳಗೇ ಬಾಣಂತನ ಆಗವೆ. ಒಂದಿನ ಒಂದು ಕಿಡಿ ಹತ್ತಿಲ್ಲ. ನಿಮ್ಮ ವಿಮಾನ ಏನು ಸೀಮೆಎಣ್ಣೆ ಡಬ್ಬಾನಾ?"

ನಿಯಮ ನಿಯಮವೇ. ಗಿಟುಕು ಅಲ್ಲೇ ಉಳಿದವು. ಆದರೆ ಅವು ಕಸದ ಬುಟ್ಟಿಗೆ ಹೋಗುವುದನ್ನು ದೊಡ್ಡಮ್ಮ ಸಹಿಸುತ್ತಾಳೆಯೇ? ಕೊಬ್ಬರಿ ಮಿಠಾಯಿಗೆ ಬೆಲ್ಲದ ಪಾಕ ಎಷ್ಟು ಎಳೆ ಬರಬೇಕು, ಏಲಕ್ಕಿ ಯಾವಾಗ ಹಾಕಬೇಕು ಎಂದು ಅಧಿಕಾರಿಗೆ ಪೂರ್ತಿ ಹೇಳಿಕೊಟ್ಟಳು. ಅವನು ಬರೆದುಕೊಂಡ ಕಣ್ರೀ! ನಮ್ಮ ಹಿಂದೆ ಸಾಲು ಹನುಮಂತನ ಬಾಲವಾಗಿತ್ತು. ಆದರೆ ತೋರಿಸುವುದಕ್ಕೆ ಒಂದು ಮಾದರಿಯೂ ಇಲ್ಲದೆ ಆಫ್ರಿಕಾಕ್ಕೆ ಹೋಗುವ ಗತಿ ನಮ್ಮದಾಯಿತು.

ಹಳ್ಳಿ ಚೆನ್ನಾಗಿತ್ತು. ಮರಳು ದಾರಿ, ಗೋಡಂಬಿ ಮರ, ಎಲ್ಲೆಲ್ಲೂ ತೆಂಗು, ಮರಗಳ ಆಚೆ ಸಮುದ್ರ. ನಮಗೆ ಇರಲು ಕೊಟ್ಟಿದ್ದು ಒಬ್ಬ ವಿಧವೆಯ ಮನೆ. ಅಲ್ಲಿ ಅಜ್ಜಿಯರನ್ನು ಬೀಬಿ ಅನ್ನುತ್ತಾರೆ. ನಾವೂ ಬೀಬಿ ಅಂದೆವು. ಎತ್ತರದ ಹೆಂಗಸು, ಮಾತು ಕಡಿಮೆ, ನಗು ಜಾಸ್ತಿ. ಅವಳ ಮಾತನ್ನು ಇಂಗ್ಲಿಷಿಗೆ ತಿರುಗಿಸಲು ಆ ಊರಿನ ಶಾಲೆಯ ಮೇಷ್ಟ್ರೊಬ್ಬರು ಬರುತ್ತಿದ್ದರು, ಗುಂಡಗೆ, ಗಂಭೀರವಾಗಿ. ಮೇಷ್ಟ್ರ ಇಂಗ್ಲಿಷನ್ನು ಕನ್ನಡಕ್ಕೆ ತಿರುಗಿಸಲು ನಾನು. ಇಷ್ಟೆಲ್ಲ ಏರ್ಪಾಟು ಮಾಡಿದರೆ ಆದದ್ದೇನು? ಮೂರನೆಯ ದಿನಕ್ಕೆ ದೊಡ್ಡಮ್ಮ ಶೆಟ್ಟಿಕೆರೆ ಕನ್ನಡದಲ್ಲೂ ಬೀಬಿ ತನ್ನ ಸ್ವಾಹಿಲಿಯಲ್ಲೂ ನೇರವಾಗಿ ಮಾತಾಡಿಕೊಳ್ಳತೊಡಗಿದರು. ನಾನೂ ಮೇಷ್ಟ್ರೂ ಪಕ್ಕದಲ್ಲಿ ಕೂತು ಚಹಾ ಕುಡಿಯುತ್ತಿದ್ದೆವು.

ಬೀಬಿಯ ಅಡುಗೆಮನೆಯಲ್ಲಿ ಕಾಯಿ ತುರಿಯುವ ಮಣೆ ಇತ್ತು. ಕೂತುಕೊಳ್ಳುವ ಹಲಗೆ, ಮುಂದೆ ಹಲ್ಲಿನ ಕಬ್ಬಿಣ, ಥೇಟ್ ನಮ್ಮದೇ. ದೊಡ್ಡಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ನಮ್ಮನೇದೇ ಯಾರೋ ಎತ್ಕೊಂಬಂದವ್ರೆ ಕಣೇ" ಅಂದಳು. ಅವಳಿಗೆ ತವರುಮನೆಗೆ ಬಂದಷ್ಟು ಸಲಿಗೆ ಬಂದುಬಿಟ್ಟಿತು. ಊಟಕ್ಕೆ ಬಡಿಸಿದ್ದು ಉಗಾಲಿ, ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಅವರು ಅದನ್ನು ಸಾರಿನಲ್ಲಿ ಅದ್ದಿ, ಬಾಯಿಗಿಟ್ಟು, ನಿಧಾನವಾಗಿ ಅಗಿಯುತ್ತಿದ್ದರು. ದೊಡ್ಡಮ್ಮನ ಕೈ ತಟ್ಟೆಯಲ್ಲೇ ನಿಂತಿತು.

"ಅಗೀತವ್ರಲ್ಲೇ! ಮುದ್ದೆನ ಯಾರಾದ್ರೂ ಅಗೀತಾರಾ? ನುಂಗ್ಬೇಕು ಅಂತ ಹೇಳೇ."

ಹೇಳಿದೆ. ಮೇಷ್ಟ್ರು ಕಲಿಯುವುದರಲ್ಲಿ ಆಸಕ್ತಿ ಇದ್ದವರು. ದೊಡ್ಡದೊಂದು ಉಂಡೆ ಮಾಡಿ, ಕಣ್ಣು ಮುಚ್ಚಿ, ಗುಳುಂ ಅನ್ನಿಸಿದರು. ಅದು ಅರ್ಧ ದಾರಿಯಲ್ಲಿ ನಿಂತಿತು! ಮೇಷ್ಟ್ರ ಕಣ್ಣು ಹೊರಬಂದವು, ಬೀಬಿ ನೀರು ತರಲು ಓಡಿದಳು, ದೊಡ್ಡಮ್ಮ ಬೆನ್ನಿಗೆ ಗುದ್ದಿದಳು. ಉಸಿರು ತಿರುಗಿದ ಮೇಲೆ ದೊಡ್ಡಮ್ಮ ನನ್ನ ಕಡೆ ನೋಡಿ, "ಉಂಡೆ ದೊಡ್ಡದಾಯ್ತು, ಸಾರು ಸಾಲ್ದು, ತಪ್ಪು ಇವರದೇಯ" ಅಂದಳು. ಬೀಬಿ ಮಾತ್ರ ತನ್ನ ಜಾಗದಲ್ಲಿ ಮತ್ತೆ ಕೂತು, ದೊಡ್ಡಮ್ಮನ ಮುಖವನ್ನೇ ನೋಡುತ್ತ, ಒಂದೊಂದು ತುತ್ತನ್ನೂ ಬೇಕೆಂದೇ ಇಪ್ಪತ್ತು ಸಲ ಅಗಿದಳು. ದೊಡ್ಡಮ್ಮನಿಗೆ ಸರಿಯಾದ ಜೋಡಿ ಸಿಕ್ಕಿತು ಅಂತ ನನಗೆ ಆಗಲೇ ಅನ್ನಿಸಿತು.

ಅಸಲು ಕೆಲಸ ಶುರುವಾಗಿದ್ದು ಮರುವಾರ. ಆ ಊರಿನವರು ಕಾಯಿ ಒಡೆದು, ಹೋಳುಗಳನ್ನು ಚಾಪೆಯ ಮೇಲೆ ಹರವಿ, ಮೋಡ ಬಂದರೆ ಹೊಗೆಗೆ ಹಿಡಿದು, ಒಂದು ವಾರದಲ್ಲಿ ಕೊಬ್ಬರಿ ಮಾಡಿ ಮುಗಿಸುತ್ತಿದ್ದರು. ಹೊಗೆ ಕುಡಿದು ಕಪ್ಪಾದ ಒಂದು ಹೋಳನ್ನು ದೊಡ್ಡಮ್ಮ ಕೈಗೆತ್ತಿಕೊಂಡಳು, ಮೂಸಿದಳು, ಮೆಲ್ಲಗೆ ಚಾಪೆಯ ಮೇಲೆ ವಾಪಸಿಟ್ಟಳು. ಮಾವಿನ ಮರದ ಕೆಳಗೆ ಸಭೆ ಸೇರಿತ್ತು. ಸಂಸ್ಥೆಯ ಅಧಿಕಾರಿಯೂ ಪಟ್ಟಣದಿಂದ ಜೀಪಿನಲ್ಲಿ ಬಂದಿದ್ದ. ದೊಡ್ಡಮ್ಮ ಎದ್ದು ನಿಂತು ಹೇಳಿದ್ದು ಇಷ್ಟೇ: ಕಾಯಿ ಒಡೆಯಬೇಡಿ. ಅಟ್ಟ ಕಟ್ಟಿ. ಕಾಯನ್ನು ಅದರ ಮೇಲಿಡಿ. ಸುಮ್ಮನಿರಿ.

"ಎಷ್ಟು ದಿವಸ?" ಅಂತ ಸಭೆ ಕೇಳಿತು.

"ಹನ್ನೊಂದು ತಿಂಗ್ಳು."

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಮೇಷ್ಟ್ರು ನನ್ನನ್ನೇ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡು ಸ್ವಾಹಿಲಿಯಲ್ಲಿ ಹೇಳಿದರು. ಮಾವಿನ ಮರದ ಕೆಳಗೆ ಎದ್ದ ನಗುವಿಗೆ ಕಾಗೆಗಳು ಹಾರಿಹೋದವು. ನಗು ನಿಂತ ಮೇಲೆ ಅಧಿಕಾರಿ ಬಹಳ ವಿನಯದಿಂದ, "ಮೇಡಂ, ನಿಮ್ಮ ವೀಸಾ ಇರುವುದು ಮೂರು ತಿಂಗಳಿಗೆ" ಅಂದ.

"ಕಾಯಿಗೆ ವೀಸಾ ಗೊತ್ತಿಲ್ಲ ಅಂತ ಹೇಳು" ಅಂದಳು ದೊಡ್ಡಮ್ಮ.

ನಿಜ ಹೇಳುತ್ತೇನೆ, ನನಗೂ ನಗು ಬಂತು. ಮೂರು ತಿಂಗಳಲ್ಲಿ ಕಲಿಸಬಹುದಾದ ವಿದ್ಯೆ ಎಷ್ಟಿಲ್ಲ? ಗೊಬ್ಬರ, ಬಾವಿ, ಬುಟ್ಟಿ ಹೆಣೆಯುವುದು! ಎಲ್ಲ ಬಿಟ್ಟು, ಫಲ ನೋಡಲು ತಾನೇ ಇರಲಾರದ ವಿದ್ಯೆಯನ್ನು ಕಲಿಸಲು ಹೊರಡುವವರು ನಮ್ಮ ಕಡೆಯವರು ಬಿಟ್ಟು ಇನ್ಯಾರಿದ್ದಾರೆ? ನಮಗೆ ಹನ್ನೊಂದು ತಿಂಗಳು ಅಂದರೆ ಒಂದು ಕಾಲವೇ ಅಲ್ಲ, ಅದು ಅಟ್ಟದ ಪಾಡಿಗೆ ಅಟ್ಟದ ಮೇಲೆ ಇರುತ್ತದೆ. ಲೋಕದ ಉಳಿದವರು ಹಾಗಿಲ್ಲ ಎಂಬುದು ದೊಡ್ಡಮ್ಮನಿಗೆ ಅವತ್ತಿನವರೆಗೂ ಹೊಳೆದಿರಲಿಲ್ಲ.

ಆಗ ಬೀಬಿ ಎದ್ದಳು. ದೊಡ್ಡಮ್ಮನ ಎದುರು ಬಂದು ನಿಂತು ಒಂದೇ ಪ್ರಶ್ನೆ ಕೇಳಿದಳು. ಇಡೀ ಕಾಯಿ ಹಾಗೆ ಒಣಗುವುದನ್ನು ನೀನು ನಿನ್ನ ಕಣ್ಣಿಂದ ನೋಡಿದ್ದೀಯಾ?

"ನಾನು ಹುಟ್ಟಿದ್ದೇ ಅದರ ಕೆಳಗೆ ಕಣವ್ವ" ಅಂದಳು ದೊಡ್ಡಮ್ಮ.

ಬೀಬಿ ಒಂದು ಗಳಿಗೆ ಅವಳ ಮುಖ ನೋಡಿದಳು. ಆಮೇಲೆ ಸಭೆಯ ಕಡೆ ತಿರುಗಿ, ನನ್ನ ಹದಿನಾಲ್ಕು ಮರದ ಈ ಸಲದ ಕಾಯಿ ಪೂರ್ತಿ ಇವಳ ಅಟ್ಟಕ್ಕೆ ಅಂದಳು. ಈ ಸಲ ಯಾರೂ ನಗಲಿಲ್ಲ. ಆ ಹದಿನಾಲ್ಕು ಮರವೇ ಅವಳ ಬದುಕು ಅಂತ ಎಲ್ಲರಿಗೂ ಗೊತ್ತಿತ್ತು. ದೊಡ್ಡಮ್ಮ ಬೀಬಿಯ ಎರಡೂ ಕೈ ಹಿಡಿದುಕೊಂಡಳು. ಮನೆಗೆ ಬರುವ ದಾರಿಯಲ್ಲಿ ನನ್ನ ತೋಳು ಹಿಡಿದು ಅಂದಳು, "ನೋಡಿ ನಂಬೋರು ಸಾವಿರ ಜನ ಸಿಕ್ತಾರೆ ಕಣೇ. ಒಂದು ಗಿಟುಕೂ ನೋಡ್ದೆ ನನ್ನ ಮಾತು ನಂಬ್ದೋಳು ಇವಳೊಬ್ಳು. ಇದೇನಾದ್ರೂ ಕೆಟ್ರೆ ನಾನು ಇವಳಿಗೆ ಮುಖ ತೋರ್ಸಂಗಿಲ್ಲ."

ಅಟ್ಟ ಕಟ್ಟುವ ಸಂಭ್ರಮ ನೀವು ನೋಡಬೇಕಿತ್ತು. ಬೀಬಿಯ ಅಡುಗೆಮನೆಯ ಮೇಲೆ, ಸಂದು ಬಿಟ್ಟು ಬಿಟ್ಟು ಮರದ ಗಳು ಜೋಡಿಸಬೇಕು, ಕೆಳಗಿನ ಒಲೆಯ ಕಾವು ಹದವಾಗಿ ಮೇಲೆ ಹಾಯಬೇಕು. ಬಡಗಿ ಹೊಡೆದ ಮೊಳೆಯನ್ನು ದೊಡ್ಡಮ್ಮ ಕೀಳಿಸುತ್ತಿದ್ದಳು, ಕಿತ್ತದ್ದನ್ನು ಬೀಬಿ ಮತ್ತೆ ಹೊಡೆಸುತ್ತಿದ್ದಳು. ಬಡಗಿ ಎರಡನೇ ದಿನ ಬಿಸಿಲಿನಲ್ಲಿ ಕೂತು ಇಬ್ಬರೂ ಜಗಳ ಮುಗಿಸಿದ ಮೇಲೆ ಕರೆಯಿರಿ ಅಂದುಬಿಟ್ಟ. ಕಡೆಗೂ ಅಟ್ಟ ನಿಂತಿತು, ಕಾಯಿ ಏರಿದವು. ಊರಿನ ಹೆಂಗಸರು ದಿನಕ್ಕೆ ಒಂದು ಸಲ ಬಂದು, ಕತ್ತೆತ್ತಿ ಅಟ್ಟ ನೋಡಿ, ಬೀಬಿಯ ಮುಖ ನೋಡಿ ಹೋಗುತ್ತಿದ್ದರು.

ಮೂರು ತಿಂಗಳು ಮುಗಿದಾಗ ಅಧಿಕಾರಿ ವರದಿಯ ಒಂದು ಫಾರಂ ತಂದ. ಮಾಡಿದ ಕೆಲಸ, ಕಲಿತವರ ಸಂಖ್ಯೆ, ಎಲ್ಲ ತುಂಬಿಸಿದೆ. ಕಡೆಯ ಕಲಮು, ಫಲಿತಾಂಶ.

"ಏನು ಬರೀಲಿ ದೊಡ್ಡಮ್ಮ?"

"ಅಟ್ಟದ ಮ್ಯಾಲೈತೆ ಅಂತ ಬರಿ."

ಹಾಗೇ ಬರೆದೆ. ಆ ಫಾರಂ ಯಾವ ದೇಶದ ಯಾವ ಕಚೇರಿಯಲ್ಲಿದೆಯೋ, ಓದಿದವರು ಏನೆಂದುಕೊಂಡರೋ ದೇವರೇ ಬಲ್ಲ. ಹೊರಡುವಾಗ ದೊಡ್ಡಮ್ಮ ಬೀಬಿಗೆ ತಿಂಗಳಿಗೊಮ್ಮೆ ಕಾಯಿ ಮಗುಚಬೇಕು, ಇಲಿ ನೋಡಿಕೊಳ್ಳಬೇಕು, ಒಲೆಯ ಹೊಗೆ ಜೋರಾಗಬಾರದು ಎಂದು ಕನ್ನಡದಲ್ಲಿ ಅರ್ಧ ಗಂಟೆ ಹೇಳಿದಳು. ಬೀಬಿ ಎಲ್ಲದಕ್ಕೂ ತಲೆಯಾಡಿಸಿದಳು.

ಊರಿಗೆ ಬಂದ ಮೇಲೆ ಶುರುವಾಯಿತು ನೋಡಿ, ಭಾನುವಾರದ ಪೂಜೆ! ಮಧ್ಯಾಹ್ನ ಊಟವಾದ ಮೇಲೆ, ಸರಿಯಾಗಿ ನನ್ನ ನಿದ್ದೆಯ ಹೊತ್ತಿಗೆ, ದೊಡ್ಡಮ್ಮ ಹಾಜರ್. ನಾನು ಮೇಷ್ಟ್ರ ಫೋನಿಗೆ ಫೋನು ಹಚ್ಚಬೇಕು. ಟಿ.ವಿ. ಬಂದ್, ಫ್ಯಾನು ಬಂದ್, ಅಂಗಳದ ಕೋಳಿಗಳು ಗಡೀಪಾರು. ಅಲ್ಲಿ ಬೀಬಿ ಅಟ್ಟದಿಂದ ಒಂದು ಕಾಯಿ ಇಳಿಸಿ ಫೋನಿನ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಇಲ್ಲಿ ದೊಡ್ಡಮ್ಮ ಕಣ್ಣು ಮುಚ್ಚಿ ಕೇಳಬೇಕು. "ನೀರು ಇನ್ನೂ ಅರ್ಧ ಐತೆ. ಮಗುಚಾಕು ಅಂತ ಹೇಳು." ಅಷ್ಟೇ. ಫೋನಿನಲ್ಲಿ ಕಾಯಿಯ ಕ್ಷೇಮ ವಿಚಾರಿಸುವ ಏಕೈಕ ಮನೆ ನಮ್ಮದು! ಬೀದಿಯವರು ಒಂದೆರಡು ಸಲ ಕಿಟಕಿಯಲ್ಲಿ ಇಣುಕಿ, "ಏನ್ರಮ್ಮಾ, ಶಾಸ್ತ್ರ ಕೇಳ್ತವ್ರಾ?" ಅಂತ ವಿಚಾರಿಸಿಕೊಂಡು ಹೋದರು.

ಏಳನೆಯ ತಿಂಗಳಿಗೆ ಗುಳುಗುಳು ನಿಂತಿತು. ಒಳಗಿನ ನೀರು ಇಂಗಿದೆ, ತಿರುಳು ಇನ್ನೂ ಕರಟ ಬಿಟ್ಟಿಲ್ಲ. ಆಗ ಕಾಯಿ ಎಷ್ಟು ಅಲ್ಲಾಡಿಸಿದರೂ ಮೂಕ. ತಿರುಳು ಬಿಟ್ಟುಕೊಂಡ ಮೇಲೆ ಒಳಗೇ ಉರುಳಿ ಮತ್ತೆ ಲೊಟಲೊಟ ಅನ್ನುತ್ತದೆ. ಇದು ನಮ್ಮ ಕಡೆ ಚಡ್ಡಿ ಹಾಕುವ ಮಕ್ಕಳಿಗೂ ಗೊತ್ತು. ಅದಕ್ಕೇ ದೊಡ್ಡಮ್ಮ ಅದನ್ನು ಬೀಬಿಗೆ ಹೇಳಿರಲೇ ಇಲ್ಲ! ಮೊಳೆ ಹೇಗೆ ಹೊಡೆಯಬೇಕು ಅಂತ ಎರಡು ದಿನ ಹೇಳಿದವಳು, ಕಾಯಿ ಮೂಕಾಗುತ್ತದೆ ಅನ್ನುವ ಒಂದು ಮಾತನ್ನು ಮರೆತಿದ್ದಳು. ಅಲ್ಲಿ ಕಾಯಿ ಸತ್ತವು ಅಂತ ಗುಲ್ಲೆದ್ದಿತು.

"ಮೂಕಾದ್ರೆ ಸತ್ತಂಗಲ್ಲ ಅಂತ ಹೇಳೇ, ಬೇಗ ಹೇಳೇ" ಅಂದಳು ದೊಡ್ಡಮ್ಮ. ಬೇಗ ಎಂಬ ಪದ ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಹೇಳಿದೆ. ಬೀಬಿ ಸರಿ ಅಂದಳು.

ಹನ್ನೊಂದು ತಿಂಗಳು ತುಂಬಿತು. ಕಾಯಿ ಮೂಕ. ಹನ್ನೆರಡು, ಮೂಕ. ಕಡಲ ಗಾಳಿಯ ತೇವಕ್ಕೆ ತಡವಾಗುತ್ತಿದೆ ಅಂದಳು ದೊಡ್ಡಮ್ಮ. ಆದರೆ ಅವಳ ದನಿಯಲ್ಲಿ ಮೊದಲಿನ ಗತ್ತಿರಲಿಲ್ಲ. ಅವಳು ನಮ್ಮ ಮನೆಯ ಅಟ್ಟ ಹತ್ತಿ, ಅವರಿಗಿಂತ ತಡವಾಗಿ ಏರಿಸಿದ ನಮ್ಮ ಕಾಯಿಗಳನ್ನು ಕಿವಿಯ ಬಳಿ ಅಲ್ಲಾಡಿಸಿ, ಅವು ಲೊಟಲೊಟ ಅಂದದ್ದಕ್ಕೆ ತಪ್ಪು ಮಾಡಿದವಳ ಹಾಗೆ ಮೆಲ್ಲಗೆ ಇಟ್ಟುಬಿಡುವುದನ್ನು ನಾನು ನೋಡಿದೆ. ಹದಿಮೂರನೆಯ ತಿಂಗಳಲ್ಲಿ ಮೇಷ್ಟ್ರು ನನ್ನೊಬ್ಬಳಿಗೇ ಹೇಳಿದರು. ಊರಿನವರು ಬೀಬಿಯನ್ನು ಆಡಿಕೊಳ್ಳುತ್ತಿದ್ದಾರೆ, ಅವಳ ಸಂಬಂಧಿಕರು ಅಟ್ಟ ಇಳಿಸಿ ಉಳಿದದ್ದನ್ನಾದರೂ ಎಣ್ಣೆಗೆ ಹಾಕೋಣ ಎಂದು ದಿನಾ ಬಂದು ಕೂರುತ್ತಿದ್ದಾರೆ ಅಂತ. ಮನಸ್ಸಿನಲ್ಲಿ ಇಟ್ಟುಕೊಳ್ಳಲಾರದೆ ದೊಡ್ಡಮ್ಮನಿಗೆ ಹೇಳಿಬಿಟ್ಟೆ. ಅವಳು ಅವತ್ತು ಊಟ ಮಾಡಲಿಲ್ಲ.

ಮರು ಭಾನುವಾರ ನಾವು ಫೋನು ಹಚ್ಚುವ ಮೊದಲೇ ಅಲ್ಲಿಂದ ಫೋನು ಬಂತು. ಬೀಬಿಯೇ ಮಾತಾಡಿದಳು, ಎತ್ತರದ ದನಿಯಲ್ಲಿ, ನಗುನಗುತ್ತ. ಆಮೇಲೆ ಕೇಳಿಸಿತು, ಟಕಟಕ, ಟಕಟಕ! ಕಾಯಿಯೊಳಗೆ ಏನೋ ಕುಣಿಯುವ ಸದ್ದು. ನಾನು ಕೂತಲ್ಲಿಂದ ಎಗರಿದೆ. ದೊಡ್ಡಮ್ಮ ಕಣ್ಣು ತೆರೆಯದೆ, "ಇನ್ನೊಂದ್ಸಲ" ಅಂದಳು. ಟಕಟಕ. "ಇನ್ನೊಂದ್ಸಲ." ಟಕಟಕ.

ಆಮೇಲೆ ಕಣ್ಣು ತೆರೆದು, "ಬಂದೈತೆ ಅಂತ ಹೇಳೇ" ಅಂದಳು. "ಇದೊಂದು ಚೆನ್ನಾಗಿ ಬಂದೈತೆ. ಊರೋರಿಗೆಲ್ಲ ಅಲ್ಲಾಡ್ಸಿ ತೋರ್ಸ್ಲಿ. ಉಳ್ದವನ್ನ ಇನ್ನೆರಡು ತಿಂಗ್ಳು ಯಾರೂ ಮುಟ್ಬಾರ್ದು. ದಿನಾ ಸಂಜೆ ಸಣ್ಣಗೆ ಹೊಗೆ ಹಾಕ್ಲಿ."

ನಾನು ಖುಷಿಗೆ ಬೀದಿಯ ಮನೆಮನೆಗೂ ಕೊಬ್ಬರಿ ಬೆಲ್ಲ ಹಂಚಿದೆ. ಆಫ್ರಿಕಾದಲ್ಲಿ ಕಾಯಿ ಸದ್ದು ಮಾಡಿತು ಅಂತ ಹೇಳಿದಾಗ ಜನ ನನ್ನ ಮುಖವನ್ನು ಸ್ವಲ್ಪ ವಿಚಿತ್ರವಾಗಿ ನೋಡಿದರು, ಆದರೆ ಬೆಲ್ಲ ಬಿಡಲಿಲ್ಲ.

ಖುಷಿಪಡಬೇಕಾದ ದೊಡ್ಡಮ್ಮ ಮಾತ್ರ ಅವತ್ತಿನಿಂದ ಮೆತ್ತಗಾದಳು. ಕಂದಿಕೆರೆಯಲ್ಲಿ ನೆಂಟರ ಮದುವೆ. ಸಾರು ಉಪ್ಪಿನ ಕಡಲಾಗಿತ್ತು! ಪಂಕ್ತಿಯ ಎಲ್ಲರೂ ಎಲೆ ಬಿಟ್ಟು ದೊಡ್ಡಮ್ಮನ ಬಾಯನ್ನೇ ನೋಡುತ್ತ ಕೂತರು, ಅಡುಗೆಯವರು ಕಂಬದ ಹಿಂದೆ ಅಡಗಿದರು. ದೊಡ್ಡಮ್ಮ ಸುಮ್ಮನೆ ಉಂಡು, ಕೈ ತೊಳೆದು ಬಂದಳು. ದೇವಸ್ಥಾನದಲ್ಲಿ ಕಾಯಿ ಓರೆಯಾಗಿ ಒಡೆಯಿತು. ಅಯ್ಯನವರು ಬೆದರಿ ಹಿಂದೆ ನೋಡಿದರೆ ಇವಳು ಕೈಮುಗಿದು ನಿಂತಿದ್ದಾಳೆ. ಅವರು ನನ್ನನ್ನು ಪಕ್ಕಕ್ಕೆ ಕರೆದು, "ಅಮ್ಮೋರಿಗೆ ಮೈಗೆ ಹುಷಾರಿಲ್ವೇನವ್ವಾ?" ಅಂದರು. ನನಗೂ ಭಯವಾಯಿತು. ಜೀವಮಾನವೆಲ್ಲ ಯಾವ ಬಾಯಿ ಮುಚ್ಚಲಿ ಅಂತ ಬೇಡಿಕೊಂಡಿದ್ದೆನೋ ಅದು ತೆರೆಯಲಿ ಅಂತ ಬೇಡಿಕೊಂಡೆ.

ಎರಡು ತಿಂಗಳಾದ ಮೇಲೆ ಒಂದು ಭಾನುವಾರ ವಿಡಿಯೋ ಕರೆ ಬಂತು. ಬೀಬಿಯ ಅಂಗಳದಲ್ಲಿ ಊರೇ ನೆರೆದಿತ್ತು. ಬೀಬಿ ಅಟ್ಟದ ಕಾಯೊಂದನ್ನು ಸುಲಿದು ಕರಟಕ್ಕೆ ಏಟು ಕೊಟ್ಟಳು. ಕರಟ ಬಿಚ್ಚಿಕೊಂಡಿತು, ಅವಳ ಅಂಗೈ ಮೇಲೆ ಒಂದು ಗಿಟುಕು ಇಡಿಯಾಗಿ ಕೂತಿತು, ದುಂಡಗೆ, ಕಂದು ಬಣ್ಣಕ್ಕೆ. ಅಂಗಳದ ಜನ ಕೂಗಿದ ಕೂಗಿಗೆ ನನ್ನ ಫೋನು ನಡುಗಿತು. ಒಂದಿಷ್ಟು ಕಾಯಿ ಕೊಳೆತಿವೆ, ಮುಕ್ಕಾಲು ಪಾಲು ಹೀಗೇ ಬಂದಿವೆ ಅಂದರು ಮೇಷ್ಟ್ರು. ಅಲ್ಲಿನ ನಾಲ್ಕೈದು ಮನೆಯವರು ಅಟ್ಟ ಕಟ್ಟಲು ಗಳು ಕಡಿದಿದ್ದಾರಂತೆ.

ದೊಡ್ಡಮ್ಮ ಪರದೆಗೆ ಮೂಗು ತಾಗಿಸಿ ನೋಡಿದಳು. "ಕರಟಕ್ಕೆ ಹಂಗಾ ಹೊಡ್ಯೋದು? ಒಂದು ಪಕ್ಕ ಜಜ್ಜೋಗೈತೆ ನೋಡು! ಸುತ್ತ ಹೊಡೀಬೇಕು ಅಂತ ಹೇಳೇ!" ಅಂದಳು. ನನಗೆ 'ಅಬ್ಬಾ' ಅನ್ನಿಸಿತು. ನಮ್ಮ ದೊಡ್ಡಮ್ಮ ವಾಪಸು ಬಂದಳು!

ಕರೆ ಮುಗಿದ ಮೇಲೆ ಹುರುಪಿನಲ್ಲಿ ಅಂದೆ, "ದೊಡ್ಡಮ್ಮ, ಎರಡು ತಿಂಗಳ ಹಿಂದೆ ಎಲ್ಲಕ್ಕಿಂತ ಮೊದಲು ಒಂದು ಬಂದಿತ್ತಲ್ಲ, ಅದನ್ನ ತೋರಿಸೋದನ್ನೇ ಮರೆತಳು ಬೀಬಿ. ತಡಿ, ಮತ್ತೆ ಫೋನ್ ಮಾಡಿ ಕೇಳ್ತೀನಿ."

ಅವಳು ನನ್ನ ಕೈ ಹಿಡಿದುಕೊಂಡಳು.

"ಬ್ಯಾಡ. ಅದು ಗಿಟುಕಲ್ಲ ಕಣೇ, ಕಲ್ಲು. ಯಾವ್ದೋ ಕರಟದೊಳಗೆ ಒಂದು ಕಲ್ಲಾಕಿ ಅಲ್ಲಾಡ್ಸಿದ್ಲು."

"ನಿನಗೆ ಅವತ್ತೇ ಗೊತ್ತಾಯ್ತಾ?"

"ಅರವತ್ತು ವರ್ಷ ಕೇಳಿರೋ ಸದ್ದು, ಗೊತ್ತಾಗಲ್ವಾ? ಮೊದಲ್ನೇ ಸಲಕ್ಕೇ ಗೊತ್ತಾಯ್ತು. ಹಂಗಾದ್ರೆ ಅಟ್ಟದ ಮೇಲಿರೋವು ಏನಾಗವೋ ಅಂತ ಎರಡು ತಿಂಗ್ಳು ನನಗೆ ಅನ್ನ ಇಳೀಲಿಲ್ಲ."

"ಮತ್ತೆ ಹೇಳಬಾರದಿತ್ತಾ? ಎಲ್ಲರನ್ನೂ ತಿದ್ದುತೀಯಲ್ಲ, ಅವಳೊಬ್ಬಳನ್ನ ಯಾಕೆ ಬಿಟ್ಟೆ?"

ದೊಡ್ಡಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಅವಳ ಕಣ್ಣು ತುಂಬಿದ್ದನ್ನು ನಾನು ದೊಡ್ಡಪ್ಪ ಹೋದ ದಿನವೂ ನೋಡಿರಲಿಲ್ಲ.

"ಹದಿಮೂರು ತಿಂಗ್ಳು ಊರೋರ ಬಾಯಿಗೆಲ್ಲ ಬಿದ್ದು ನನ್ನ ಮಾತು ಕಾದವಳು ಕಣೇ ಅವಳು. ನಾನು ಇಲ್ಲಿ ನೊಂದ್ಕೋತೀನಿ ಅಂತ ಒಂದೇ ಒಂದು ಸುಳ್ಳು ಹೇಳಿದ್ಲು. ಅದನ್ನೂ ತಿದ್ಬೇಕಾ ನಾನು?"